ಹಿಲರಿಗೆ ಉಡಿ ತುಂಬಿದ ಹುಣ್ಣಿಮೆ

ಹೌನ್ಸ್ಲೋದ ನಮ್ಮ ಮನೆಯಲ್ಲಿ ಜಗಳಕ್ಕೂ ಒಂದು ಶಿಸ್ತು ಇತ್ತು. ಮಾತು ಎಷ್ಟೇ ಏರಿರಲಿ, ವಿಮಾನ ಬಂತೆಂದರೆ ಎಲ್ಲರೂ ಬಾಯಿ ಮುಚ್ಚಬೇಕು. ಹೀಥ್ರೂಗೆ ಇಳಿಯುವ ವಿಮಾನಗಳು ನಮ್ಮ ಹೆಂಚಿನ ಮೇಲೆಯೇ ಹಾದುಹೋಗುತ್ತಿದ್ದವು. ಅವು ದಾಟುವ ತನಕ ಅಪ್ಪ ಎತ್ತಿದ ಬೆರಳನ್ನು ಇಳಿಸದೆ ನಿಲ್ಲುತ್ತಿದ್ದ, ಅವ್ವ ಸೌಟು ಹಿಡಿದು ನಿಲ್ಲುತ್ತಿದ್ದಳು, ಸದ್ದು ಅಡಗಿದ ಮೇಲೆ ಇಬ್ಬರೂ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಎಷ್ಟೋ ಜಗಳಗಳು ಆ ಬಿಡುವಿನಲ್ಲಿ ಕಾವು ಕಳೆದುಕೊಂಡು ನಗೆಯಲ್ಲಿ ಮುಗಿದದ್ದುಂಟು. ನನಗೆ ಇವತ್ತಿಗೂ ಸಿಟ್ಟು ಬಂದರೆ ಒಂದು ವಿಮಾನ ಹೋಗುವಷ್ಟು ಹೊತ್ತು ಸುಮ್ಮನಿರುತ್ತೇನೆ. ಜನ ಅದನ್ನು ತಾಳ್ಮೆ ಎಂದು ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಸಾಲುಮನೆಗಳ ನಡುವೆ ಒತ್ತಿಕೊಂಡು ನಿಂತ ಮನೆ ಅದು. ಕೆಳಗೆ ಮುಂದಿನ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಒಂದು ಚಾಪೆಯಷ್ಟು ಹಿತ್ತಲು. ಅಡುಗೆಮನೆ ಅಜ್ಜಿಯದು. ಧಾರವಾಡದಿಂದ ಬರುವಾಗ ಅಜ್ಜಿ ರೊಟ್ಟಿ ಬಡಿಯುವ ಕೊಣಮಿಗೆಯನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಬೆಳಿಗ್ಗೆ ಅವಳು ಜೋಳದ ರೊಟ್ಟಿ ಬಡಿಯತೊಡಗಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು, ಅಜ್ಜಿ ಅದನ್ನು ತಾಳ ಎಂದುಕೊಂಡು ಇನ್ನೂ ಹುರುಪಿನಿಂದ ಬಡಿಯುತ್ತಿದ್ದಳು. ಹೊಗೆಗೆ ಕೂಗುವ ಅಲಾರಂಗೆ ಅವ್ವ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿಟ್ಟಿದ್ದಳು. ಮೇಲೆ ಎರಡು ಮಲಗುವ ಕೋಣೆ, ಮುಂಬಾಗಿಲ ಮೇಲ್ಭಾಗಕ್ಕೆ ಒಂದು ಪುಟ್ಟ ಕೋಣೆ. ಅಜ್ಜಿಯೂ ನಾನೂ ಒಂದೇ ಕೋಣೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಅಜ್ಜಿ ಹಣೆತುಂಬ ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದನ್ನೇ ದಿಟ್ಟಿಸುತ್ತ ಕೂತಿರುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ಎಲ್ಲರ ಅಜ್ಜಿಯರೂ ಬೆಳಿಗ್ಗೆದ್ದು ತಮ್ಮ ಅಂಗೈ ನೋಡುತ್ತ ಕೂರುತ್ತಾರೆ ಎಂದೇ ನಾನು ಬಹಳ ದಿನ ನಂಬಿದ್ದೆ.

ಪುಟ್ಟ ಕೋಣೆಯನ್ನು ಅಪ್ಪ ಬಾಡಿಗೆಗೆ ಕೊಟ್ಟ. ಅವನಿಗೆ ಪಾರ್ಕ್ ರಾಯಲ್‌ನ ಒಂದು ಶೀತಲ ಗೋದಾಮಿನಲ್ಲಿ ಕೆಲಸ, ಅವ್ವನಿಗೆ ಆಸ್ಪತ್ರೆಯಲ್ಲಿ. ಹಾಗೆ ನಮ್ಮ ಮನೆಗೆ ಬಂದವಳು ಹಿಲರಿ. ಬಸ್ ಓಡಿಸುವವಳು, ಐವತ್ತರ ಆಸುಪಾಸು, ಬೆನ್ನ ಮೇಲೆ ಬೂದುಬಣ್ಣದ ದಪ್ಪ ಜಡೆ. ಎರಡು ಸೂಟ್‌ಕೇಸ್ ತಂದಿದ್ದಳು. ಅದರಲ್ಲೊಂದನ್ನು ಮೆಟ್ಟಿಲು ಹತ್ತಿಸುವಷ್ಟರಲ್ಲಿ ಅಪ್ಪನಿಗೆ ಏದುಸಿರು ಬಂತು.

"ಇದರಾಗ ಏನ್ ಕಲ್ಲ ತುಂಬ್ಯಾಳೋ ಏನೋ" ಎಂದು ಅಪ್ಪ ಕನ್ನಡದಲ್ಲೇ ಗೊಣಗಿದ.

ಹಿಲರಿಗೆ ಏನು ಅರ್ಥವಾಯಿತೋ, ಗಟ್ಟಿಯಾಗಿ ನಕ್ಕಳು. ಆ ನಗೆ ಅಜ್ಜಿಗೆ ಹಿಡಿಸಿತು. ಅವರಿಬ್ಬರೂ ಅವತ್ತಿನಿಂದ ಅಜ್ಜಿ ಧಾರವಾಡದ ಕನ್ನಡದಲ್ಲೂ ಹಿಲರಿ ಇಂಗ್ಲಿಷಿನಲ್ಲೂ ಅಡುಗೆಮನೆಯಲ್ಲಿ ಹರಟತೊಡಗಿದರು. ನಾವು ಮಕ್ಕಳಂತೂ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವರು. ಇಲ್ಲಿ ನನ್ನ ಮಾತನ್ನೂ ಹಿಲರಿಯ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ, ಅಷ್ಟು ಉಪಕಾರ ನಮಗಿಬ್ಬರಿಗೂ ಇರಲಿ.

ಬಂದ ಕೆಲವು ದಿನಕ್ಕೆ ಹಿಲರಿ ಚಹಾ ಕುಡಿಯುತ್ತ ಅವ್ವನ ಮುಂದೆ ತಾನಾಗಿ ವಿಷಯ ತೆಗೆದಳು. ಕೋಣೆಯಲ್ಲಿ ದೀಪ ಹಚ್ಚುತ್ತೇನೆ, ಊದಿನಕಡ್ಡಿ ಹಚ್ಚುತ್ತೇನೆ, ಬೆಂಕಿಯ ಬಗ್ಗೆ ಎಚ್ಚರವಿರುತ್ತೇನೆ, ನನ್ನ ಧರ್ಮಕ್ಕೆ ವಿಕ್ಕಾ ಎನ್ನುತ್ತಾರೆ ಎಂದಳು. ಹಾಗೆಂದರೇನು ಎಂದು ಅವ್ವ ಕೇಳಿದ್ದಕ್ಕೆ ಋತುಗಳನ್ನೂ ಚಂದ್ರನನ್ನೂ ಪೂಜಿಸುವ ಒಂದು ಪಂಥ, ನಮ್ಮನ್ನು ಮಾಟಗಾತಿಯರು ಅನ್ನುತ್ತಾರೆ, ನಾವೂ ಆ ಹೆಸರನ್ನು ನಾಚಿಕೆಯಿಲ್ಲದೆ ಇಟ್ಟುಕೊಂಡಿದ್ದೇವೆ ಎಂದು ವಿವರಿಸಿದಳು. ಅವ್ವನ ಮುಖ ಬಿಳಿಚಿತು, ನನ್ನ ಮುಖ ಅರಳಿತು. ಅವ್ವ ನೋಡಿ ಬೆಳೆದ ಸಿನಿಮಾಗಳಲ್ಲಿ ಮಾಟ ಮಾಡುವವಳು ಕೆದರಿದ ಕೂದಲು ಬಿಟ್ಟುಕೊಂಡು ಗೊಂಬೆಗೆ ಸೂಜಿ ಚುಚ್ಚುತ್ತಿದ್ದಳು. ನಾನು ಲೈಬ್ರರಿಯಿಂದ ತಂದು ಓದುತ್ತಿದ್ದ ಕತೆಗಳಲ್ಲಿ ಅವಳಿಗೆ ಮೊನಚು ಟೋಪಿ, ಮಂತ್ರದಂಡ, ಹಸಿರು ಕಷಾಯ ಕುದಿಯುವ ಕೊಪ್ಪರಿಗೆ, ಹಾರುವ ಪೊರಕೆ. ಆ ವರ್ಷಗಳಲ್ಲಿ ನನ್ನ ವಯಸ್ಸಿನವರೆಲ್ಲ ಆ ಪುಸ್ತಕಗಳಲ್ಲೇ ವಾಸವಾಗಿದ್ದರು. ನಮ್ಮಿಬ್ಬರಿಗೂ ಎದುರು ಕೂತು ಬಿಸ್ಕತ್ತು ಅದ್ದುತ್ತಿದ್ದ ಹೆಂಗಸು ಕಾಣಲಿಲ್ಲ, ಕತೆ ಕಂಡಿತು.

ಅಜ್ಜಿ ಕತೆ ಓದಿದವಳಲ್ಲ. ವಿಷಯ ತಿಳಿದ ಮಾರನೆಯ ದಿನವೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, ಹಿಲರಿಯ ಬಾಗಿಲು ತಟ್ಟಿ, ಒಳಗೆ ಹೋಗಿ ನೋಡಿ ಬಂದಳು. ನಾನೂ ಬೆನ್ನಿಗೆ ಹೋಗಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟೆ ಹಾಸಿ ದೀಪ, ನೀರಿನ ಬಟ್ಟಲು, ಉಪ್ಪಿನ ಬಟ್ಟಲು, ಊದಿನಕಡ್ಡಿ, ಒಂದು ಚೂರಿ, ಮಣ್ಣಿನ ದೇವಿಯ ಮೂರ್ತಿ, ಎರಡು ಬಾಡಿದ ಹೂವು. ಒಂದು ಮರದ ಕಡ್ಡಿಯೂ ಇತ್ತು. ಅದನ್ನು ಕಂಡು ನಾನು ಅಜ್ಜಿಯನ್ನು ದಾಟಿ ಮುಂದೆ ನುಗ್ಗಿದೆ. ಆದರೆ ಅದು ಯಾವುದೋ ಪಾರ್ಕಿನಲ್ಲಿ ಬಿದ್ದಿದ್ದ ಕಡ್ಡಿಯ ಹಾಗೆಯೇ ಇತ್ತು, ತುದಿಯಲ್ಲಿ ಕಿಡಿಯೂ ಇಲ್ಲ, ಹಿಡಿಯಲ್ಲಿ ರತ್ನವೂ ಇಲ್ಲ. ಅಜ್ಜಿ ಕೆಳಗೆ ಬಂದು ಅವ್ವನಿಗೆ ವರದಿ ಒಪ್ಪಿಸಿದಳು.

"ಪೂಜಾ ಮಾಡತಾಳವಾ. ಏನೂ ಹೆದರಬ್ಯಾಡ. ಒಣಗಿದ ಹೂವು ತಗದಿಲ್ಲ, ಅದೊಂದ ತಪ್ಪು."

ಅಂದಿನಿಂದ ಹೂವಿನ ಲೆಕ್ಕ ಅಜ್ಜಿಯದಾಯಿತು. ಹಿತ್ತಲ ಸೇವಂತಿಗೆಯಲ್ಲಿ ಒಂದು ತನ್ನ ಲಿಂಗಕ್ಕೆ, ಒಂದು ಮೇಲಿನ ಕೋಣೆಯ ದೇವಿಗೆ. ನನಗೆ ಮಾತ್ರ ಸಮಾಧಾನವಿಲ್ಲ. ಮಾಟಗಾತಿಯೊಬ್ಬಳು ಮನೆಯಲ್ಲೇ ಇದ್ದೂ ಏನೂ ಹಾರುತ್ತಿಲ್ಲ, ಏನೂ ಸಿಡಿಯುತ್ತಿಲ್ಲ. ಒಂದು ದಿನ ಪರೀಕ್ಷೆ ಮಾಡೋಣ ಎಂದು ಅವಳ ಬಾಗಿಲಿಗೆ ಪೊರಕೆ ಒರಗಿಸಿ ಅಡಗಿ ಕೂತೆ. ಹಿಲರಿ ಹೊರಗೆ ಬಂದಳು, ಪೊರಕೆ ನೋಡಿದಳು, ಮೆಟ್ಟಿಲನ್ನೆಲ್ಲ ಮೇಲಿಂದ ಕೆಳಗಿನ ತನಕ ಗುಡಿಸಿ ಪೊರಕೆಯನ್ನು ಅಡುಗೆಮನೆಯ ಮೂಲೆಗಿಟ್ಟಳು. ನಾನು ತಡೆಯಲಾರದೆ ನೇರವಾಗಿ ಕೇಳಿಯೇಬಿಟ್ಟೆ.

"ಪುಸ್ತಕದಲ್ಲಿ ಮಂತ್ರ ಹೇಳಿದ ಕೂಡಲೇ ಆಗುತ್ತದಲ್ಲ, ನಿನಗೆ ಯಾಕೆ ಆಗುವುದಿಲ್ಲ?"

"ನನಗೂ ನಿನ್ನ ವಯಸ್ಸಿನಲ್ಲಿ ಅದೇ ಬೇಕಿತ್ತು" ಎಂದಳು ಹಿಲರಿ. "ಅಂಥ ಕತೆ ಓದಿಯೇ ನಾನು ಈ ದಾರಿಗೆ ಬಂದದ್ದು. ಗುಡುಗು ಮಿಂಚು ಸಿಗುತ್ತದೆ ಎಂದು ಬಂದೆ. ಬಂದ ಮೇಲೆ ಸಿಕ್ಕಿದ್ದು ಕಸ ಗುಡಿಸುವುದು, ಚಂದ್ರ ಎಲ್ಲಿದ್ದಾನೆ ನೋಡುವುದು, ಸುಮ್ಮನೆ ಕೂರುವುದು. ಪುಸ್ತಕದಲ್ಲಿ ಮಂತ್ರ ಹೇಳಿದರೆ ಮುಗಿಯಿತು. ನಮ್ಮಲ್ಲಿ ಹೇಳಿದ ಮೇಲೆ ಕೆಲಸ ಶುರು."

ನಾನೀಗ ಸಟನ್‌ನ ಶಾಲೆಯೊಂದರಲ್ಲಿ ಧರ್ಮಗಳ ಪಾಠ ಹೇಳುತ್ತೇನೆ. ವಿಕ್ಕಾ ಬಂದಾಗಲೆಲ್ಲ ಮಕ್ಕಳ ಕೈ ಮೇಲೇಳುತ್ತದೆ, ಪ್ರಶ್ನೆ ಅದೇ: ಮಿಸ್, ಮಂತ್ರದಂಡ ನಿಜವಾ? ಹೊಸ ಪುಸ್ತಕಗಳು, ಹೊಸ ಸರಣಿಗಳು ಬಂದಿವೆ, ಟೋಪಿ ಮಾತ್ರ ಬದಲಾಗಿಲ್ಲ. ನಾನು ಬೈಯುವುದಿಲ್ಲ. ಹಿಲರಿಯೇ ಬೈಯದ ಪುಸ್ತಕಗಳನ್ನು ನಾನೇಕೆ ಬೈಯಲಿ?

ಆ ಶರತ್ಕಾಲದಲ್ಲಿ ನನ್ನ ಗೆಳತಿ ಅನನ್ಯಾ ಆಟಕ್ಕೆ ಬಂದವಳು ತೆರೆದಿದ್ದ ಬಾಗಿಲಿನಿಂದ ಕಿಟಕಿಕಟ್ಟೆಯ ಚೂರಿಯನ್ನೂ ಕಡ್ಡಿಯನ್ನೂ ನೋಡಿದಳು. ಅವಳೂ ಅದೇ ಪುಸ್ತಕಗಳನ್ನು ಓದಿದವಳು, ಉಳಿದದ್ದನ್ನು ತಾನೇ ತುಂಬಿಕೊಂಡಳು. ಮನೆಗೆ ಹೋಗುವಷ್ಟರಲ್ಲಿ ಕೊಪ್ಪರಿಗೆ ಸೇರಿತ್ತು, ಬಾವಲಿ ಸೇರಿತ್ತು. ಅವಳ ತಾಯಿ ಜಯಶ್ರೀ ಆಂಟಿ ಮೈಸೂರಿನವರು, ನಮ್ಮ ಕನ್ನಡದವರ ಗುಂಪಿನಲ್ಲಿ ಯಾರ ಮನೆಯಲ್ಲಿ ಯಾವ ಹಬ್ಬದ ಊಟ ಎಂದು ತೀರ್ಮಾನಿಸುವವರು. ಸೀಗಿ ಹುಣ್ಣಿಮೆಯ ಊಟ ನಮ್ಮ ಮನೆಯಲ್ಲಿ ಎಂದು ಆಗಲೇ ಗೊತ್ತಾಗಿತ್ತು. ಊರಿನಲ್ಲಿ ಅದು ಬಸುರಿ ಭೂಮಿತಾಯಿಯ ಬಯಕೆ ತೀರಿಸುವ ಹಬ್ಬ, ಹೊಲಕ್ಕೆ ಹೋಗಿ ಎಲ್ಲ ಅಡುಗೆಯನ್ನೂ ಕಲಸಿ ಚರಗ ಎಂದು ಮಣ್ಣಿಗೆ ಚೆಲ್ಲುತ್ತಾರೆ. ಹೊಲವಿಲ್ಲದ ನಾವು ಹಿತ್ತಲಿಗೆ ಚೆಲ್ಲುತ್ತಿದ್ದೆವು. ಅಜ್ಜಿಗೆ ವರ್ಷಕ್ಕೆ ಅದೊಂದೇ ಹಬ್ಬ. ಆಂಟಿಯ ಫೋನ್ ಬಂತು, ಅಪ್ಪ ಸ್ಪೀಕರಿಗೆ ಹಾಕಿದ್ದರಿಂದ ಎಲ್ಲರಿಗೂ ಕೇಳಿತು.

"ನೋಡಿ, ನಮಗೇನೂ ಇಲ್ಲ, ಮಕ್ಕಳು ಹೆದರ್ಕೊಂಡಿದಾರೆ. ಅವರು ಆ ಮನೇಲಿರೋ ತನಕ ಯಾರೂ ಊಟಕ್ಕೆ ಬರೋಲ್ಲ ಅಂತಿದಾರೆ. ನೀವೇ ಯೋಚನೆ ಮಾಡಿ."

ಅನನ್ಯಾ ಹೆದರಿರಲಿಲ್ಲ, ಬಾವಲಿಯನ್ನು ಯಾವಾಗ ತೋರಿಸುತ್ತೀ ಎಂದು ಶಾಲೆಯಲ್ಲಿ ನನ್ನ ಪ್ರಾಣ ತಿನ್ನುತ್ತಿದ್ದಳು. ಆದರೆ ಅಪ್ಪ ಹೆದರಿದ. ಇಡೀ ಲಂಡನ್‌ನಲ್ಲಿ ನಮಗೆ ಬೇರೆ ನೆಂಟರಿಲ್ಲ, ಕಷ್ಟಕ್ಕೆ ಸುಖಕ್ಕೆ ಇದೇ ಜನ. ಅವತ್ತು ಅಡುಗೆಮನೆಯಲ್ಲಿ ನಡೆದ ಜಗಳವನ್ನು ಮೂರು ವಿಮಾನಗಳಿಗೂ ಆರಿಸಲಾಗಲಿಲ್ಲ.

"ಏನ್ ಮಾಡ್ಯಾಳಪಾ ಆಕಿ? ದಿನಾ ಮೆಟ್ಟಲಾ ಕಸಾ ಹೊಡೀತಾಳ. ಅದಕ್ಕ ಹೊರಗ ಹಾಕೂದೇನು?" ಎಂದಳು ಅಜ್ಜಿ.

"ಯವ್ವಾ, ನನಗೂ ಗೊತ್ತದ. ಆದ್ರ ನಾಳೆ ನಮ್ಮ ಮನೀಗಿ ಯಾರೂ ಬರದಿದ್ರ ನಾವು ಯಾರ ಜೊತಿ ಇರೂಣು?" ಎಂದ ಅಪ್ಪ.

ಅಪ್ಪ ಹಿಲರಿಗೆ ಹೇಳುವಾಗ ನಾನು ಮೆಟ್ಟಿಲ ಮೇಲಿದ್ದೆ. ಅವನು ತಡವರಿಸುತ್ತಿದ್ದ, ಅವಳೇ ಅವನಿಗೆ ಸುಲಭ ಮಾಡಿಕೊಟ್ಟಳು. ಚಿಂತಿಸಬೇಡಿ, ಇದು ನನಗೆ ಹೊಸದಲ್ಲ, ಹುಣ್ಣಿಮೆಯ ದಿನ ಡಿಪೋದ ಗೆಳೆಯನೊಬ್ಬ ವ್ಯಾನ್ ತರುತ್ತಾನೆ ಎಂದಳು. ಎಲ್ಲಿಗೆ ಹೋಗುತ್ತೀ ಎಂದು ಅಪ್ಪ ಕೇಳಿದ. ಸದ್ಯಕ್ಕೆ ಅವನ ಸೋಫಾ ಎಂದಳು. ಅಪ್ಪ ಅವತ್ತು ಉಣ್ಣಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಹಾರದ, ಸಿಡಿಯದ ಈ ಮಾಟಗಾತಿ ನನಗೆ ಅಷ್ಟು ಬೇಕಾಗಿದ್ದಾಳೆ ಎಂದು ನನಗೇ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ ಇದರ ನಡುವೆಯೇ ನಡೆಯಿತು. ಅಪ್ಪ ಅವ್ವ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಜಯಶ್ರೀ ಆಂಟಿ ನಮ್ಮ ಯಾವುದೋ ಹಳೆಯ ಡಬ್ಬಿಯನ್ನು ವಾಪಸು ಕೊಡುವ ನೆವದಲ್ಲಿ ಬಂದರು. ಅಜ್ಜಿಯೂ ನಾನೂ ಅವರೆಕಾಳು ಸುಲಿಯುತ್ತಿದ್ದೆವು, ಹಿಲರಿ ರಜೆಯಲ್ಲಿದ್ದವಳು ಚಹಾ ಮಾಡುತ್ತಿದ್ದಳು. ಆಂಟಿ ಸ್ವಲ್ಪ ಹೊತ್ತು ಹವಾಮಾನ ಮಾತಾಡಿ, ಅಜ್ಜಿಗೆ ಇಂಗ್ಲಿಷ್ ಬಾರದು, ನಾನು ಮಗು ಎಂಬ ಧೈರ್ಯದಲ್ಲಿ ಹಿಲರಿಯ ಹತ್ತಿರ ಸರಿದರು. ಅನನ್ಯಾಗೆ ಸಟನ್‌ನ ಗ್ರಾಮರ್ ಶಾಲೆಯ ಪರೀಕ್ಷೆ ಇದೆ, ಗಣಿತ ಕಷ್ಟ, ಶನಿವಾರವೂ ಬೆಳಗಾಗುವ ಮೊದಲೇ ಎಬ್ಬಿಸಿ ಓದಿಸಿದರೂ ತಲೆಗೆ ಹತ್ತುತ್ತಿಲ್ಲ, ಕುಡಿಯಲು ಏನಾದರೂ ಕೊಡುತ್ತೀರಾ, ಇಲ್ಲವಾದರೆ ಪೆನ್ಸಿಲಿಗೆ ಏನಾದರೂ ಮಂತ್ರ ಹಾಕಿ ಕೊಟ್ಟರೂ ಸಾಕು ಎಂದು ಕೇಳಿಕೊಂಡರು. ಆ ಕಷಾಯ, ಆ ಪೆನ್ಸಿಲು ಎರಡೂ ಯಾವ ಪುಸ್ತಕದಿಂದ ಬಂದವು ಎಂದು ನನಗೆ ಕೂಡಲೇ ಗೊತ್ತಾಯಿತು, ಅನನ್ಯಾಳ ಬಳಿಯಿದ್ದ ಪ್ರತಿಯನ್ನೇ ನಾನು ಓದಿದ್ದೆ.

"ನಾನು ಕೊಡಬಲ್ಲ ಸಲಹೆ ಒಂದೇ" ಎಂದಳು ಹಿಲರಿ, ಬಹಳ ಮೆತ್ತಗೆ. "ಶನಿವಾರ ಬೆಳಿಗ್ಗೆ ಆ ಮಗುವನ್ನು ಸ್ವಲ್ಪ ಹೆಚ್ಚು ಹೊತ್ತು ಮಲಗಲು ಬಿಡಿ."

ಆಂಟಿ ಚಹಾ ಕುಡಿಯದೆ ಎದ್ದು ಹೋದರು. ಬಾಗಿಲು ಮುಚ್ಚಿದ್ದೇ ಅಜ್ಜಿ ನನ್ನ ಕಡೆ ತಿರುಗಿದಳು.

"ಏನ್ ಕೇಳಿದಳಾಕಿ?"

ಹೇಳಿದೆ. ಅಜ್ಜಿ ಅವರೆಕಾಳು ಸುಲಿಯುತ್ತ ಬಹಳ ಹೊತ್ತು ಒಳಗೊಳಗೇ ನಕ್ಕಳು.

ಆ ವರ್ಷ ಹುಣ್ಣಿಮೆ ಭಾನುವಾರವೇ ಬಿತ್ತು. ಆಕೆ ಹೋಗುತ್ತಾಳೆ ಎಂದು ಅಪ್ಪ ಫೋನ್ ಮಾಡಿ ತಿಳಿಸಿದ್ದರಿಂದ ಎಲ್ಲರೂ ಬಂದರು. ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅಜ್ಜಿ ಯಾವುದನ್ನೂ ಬಿಟ್ಟಿರಲಿಲ್ಲ. ಹಿಲರಿಯ ಎರಡು ಸೂಟ್‌ಕೇಸ್ ಬಾಗಿಲ ಬಳಿ ನಿಂತಿದ್ದವು. ಎಲ್ಲರೂ ಅವುಗಳನ್ನು ಬಳಸಿಕೊಂಡು ಒಳಗೆ ಬಂದರು, ಯಾರೂ ಅವುಗಳ ಕಡೆ ನೋಡಲಿಲ್ಲ. ಹಿಲರಿ ಕೋಟು ಹಾಕಿಕೊಂಡು ಕೆಳಗಿಳಿದು ವಿದಾಯ ಹೇಳಲು ಬಂದಾಗ ಅಜ್ಜಿ ಅವಳ ತೋಳು ಹಿಡಿದು ಮುಂದಿನ ಕೋಣೆಯ ನಡುವೆ ಮಣೆ ಹಾಕಿ ಕೂರಿಸಿದಳು. ಅವ್ವನಿಗೆ ಕಣ್ಸನ್ನೆ ಮಾಡಿದಳು. ಅವ್ವ ಒಳಗಿನಿಂದ ಹರಿವಾಣ ತಂದಳು: ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಎಲೆ, ಒಂದು ಹಸಿರು ಖಣ. ನಮ್ಮ ಕಡೆ ಮನೆಯ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಸೆರಗಿಗೆ ಉಡಿ ತುಂಬಿ ಕಳಿಸುತ್ತಾರೆ.

"ಅಜ್ಜಿ, ಅವರಿಗೆ ಯಜಮಾನರೂ ಇಲ್ವಲ್ಲ" ಎಂದರು ಜಯಶ್ರೀ ಆಂಟಿ.

"ಮಗಳಿಗಿ ಉಡಿ ತುಂಬಾಕ ಗಂಡನ ಹೆಸರು ಯಾಕ ಬೇಕವಾ?" ಎಂದಳು ಅಜ್ಜಿ, ಅವರ ಕಡೆ ತಿರುಗದೆ.

ತೊಡಕಾದದ್ದು ಸೆರಗಿನದು. ಪ್ಯಾಂಟು ಕೋಟಿನ ಹೆಂಗಸಿಗೆ ಉಡಿ ಎಲ್ಲಿಂದ ಬರಬೇಕು? ನಾನು ಹಿಲರಿಗೆ ವಿವರಿಸಿದೆ: ಬಟ್ಟೆ ಅಗಲ ಮಾಡಿ ಹಿಡಿಯಬೇಕು, ಮನೆಮಗಳಿಗೆ ಕೊಡುವ ಅಕ್ಕಿ ಇದು, ದೇವಿಯ ಪ್ರಸಾದದ ಹಾಗೆ. ಅವಳು ಒಂದು ಗಳಿಗೆ ಯೋಚಿಸಿ, ಸಣ್ಣ ಸೂಟ್‌ಕೇಸ್ ತೆರೆದು, ಮಡಚಿಟ್ಟಿದ್ದ ಒಂದು ನಿಲುವಂಗಿ ತೆಗೆದಳು. ಮಕ್ಕಳೆಲ್ಲ ಉಸಿರು ಬಿಗಿಹಿಡಿದರು. ಮಾಟಗಾತಿಯ ನಿಲುವಂಗಿ ಕಪ್ಪಗಿರಬೇಕು, ನೆಲ ಗುಡಿಸಬೇಕು, ಒಳಗೆ ನಕ್ಷತ್ರ ಹೊಳೆಯಬೇಕು. ಇದು ಪಾಚಿ ಬಣ್ಣದ ಉಣ್ಣೆಯದು, ಅವಳೇ ಹೊಲಿದದ್ದು, ಅಂಚು ಸೊಟ್ಟಗಿತ್ತು. ಅದನ್ನು ಹೊದ್ದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮಣೆಯ ಮೇಲೆ ಕೂತಳು. ಅವ್ವ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಸುರಿದು, ಮೇಲೆ ಕಾಯಿ ಇಟ್ಟು, ಖಣ ಇಟ್ಟಳು. ಹಿಲರಿಯ ಕಣ್ಣಲ್ಲಿ ನೀರು ತುಂಬಿತು. ಎದ್ದವಳು ಉಡಿಯನ್ನು ಎದೆಗವಚಿಕೊಂಡು, ನಾವೆಲ್ಲ ನೋಡುತ್ತಿದ್ದಂತೆ, ಬಾಗಿಲ ಕಡೆ ಹೋಗುವ ಬದಲು ಮೆಟ್ಟಿಲು ಹತ್ತಿ ಮೇಲೆ ಹೋದಳು. ಇಳಿದು ಬಂದಾಗ ನಿಲುವಂಗಿ ಖಾಲಿಯಾಗಿತ್ತು.

"ಅಕ್ಕಿ ಎಲ್ಲಿ?" ಎಂದು ಕೇಳಿದೆ.

"ದೇವಿಯದು ಎಂದೆಯಲ್ಲ. ಕಿಟಕಿಯ ಕಟ್ಟೆಯ ಮೇಲೆ, ನನ್ನ ದೇವಿ ಇದ್ದ ಜಾಗದಲ್ಲಿಟ್ಟು ಬಂದೆ. ನನಗೆ ಇಷ್ಟು ಕೊಟ್ಟ ಮನೆಗೆ ಅದು ಉಳಿಯಲಿ."

ನಾನು ಕನ್ನಡದಲ್ಲಿ ಹೇಳಿದೆ. ಉಡಿ ತುಂಬಿಸಿಕೊಂಡ ಮಗಳು ಅದನ್ನು ಹೊಸ್ತಿಲು ದಾಟಿಸಿ ಒಯ್ಯಬೇಕು. ಅದನ್ನು ತವರಿನ ದೇವರ ಮುಂದಿಟ್ಟು ಬಂದ ಮಗಳನ್ನು ಅಲ್ಲಿದ್ದ ಯಾವ ಹೆಂಗಸೂ ಕಂಡಿರಲಿಲ್ಲ. ಅಜ್ಜಿ ಮೆಟ್ಟಿಲ ಕಂಬಿ ಹಿಡಿದು ಮೇಲೆ ಹತ್ತಿದಳು, ನೋಡಿದಳು, ಇಳಿದು ಬಂದು ಅಪ್ಪನ ಮುಂದೆ ನಿಂತಳು.

"ಬಸು, ಉಡಿ ಅಕ್ಕಿ ಮನಿ ಒಳಗ, ದೇವರ ಜಾಗಾದಾಗ ಕುಂತದ. ಉಡಿ ಹೊಸ್ತಿಲಾ ದಾಟಿಲ್ಲ ಅಂದ್ರ ಮಗಳು ಹೊಂಟಿಲ್ಲ. ಈಗ ಯಾವ ಬಾಯಿಲೆ ಆಕೀಗಿ ಹೋಗು ಅಂತಿ?"

"ಅಜ್ಜಿ, ಮಕ್ಕಳಿರೋ ಮನೆ, ಮಾಟ ಮಂತ್ರ ಅಂದ್ರೆ..." ಎಂದು ಆಂಟಿ ಶುರು ಮಾಡುವಷ್ಟರಲ್ಲಿ ವಿಮಾನ ಬಂತು. ಇಡೀ ಕೋಣೆ, ನೆಂಟರೂ ಸೇರಿ, ಬಾಯಿ ಮುಚ್ಚಿ ಕಾಯಿತು. ಅಜ್ಜಿ ಅಷ್ಟು ಹೊತ್ತೂ ಆಂಟಿಯ ಮುಖವನ್ನೇ ನೋಡುತ್ತಿದ್ದಳು. ಸದ್ದು ಅಡಗಿದ ಮೇಲೆ ಮೊದಲ ಮಾತು ಅವಳದೇ.

"ಪೆನ್ಸಿಲ್ಲಿಗಿ ಮಂತ್ರಾ ಹಾಕಿಕೊಡು ಅಂತ ಕೇಳಾಕ ಬಂದಿದ್ದೆಲ್ಲವಾ, ಅವತ್ತ ಹೆದರಿಕಿ ಆಗಲಿಲ್ಲೇನು ನಿನಗ?"

ಮೊದಲು ನಕ್ಕವರು ಜಯಶ್ರೀ ಆಂಟಿಯ ಗಂಡ. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಆಂಟಿ ಕೆಂಪಾದರು, ಸೆರಗು ಸರಿಮಾಡಿಕೊಂಡರು, ಕೊನೆಗೆ ಅವರಿಗೂ ತಡೆಯಲಾಗಲಿಲ್ಲ.

"ಕೊಡ್ಲಿಲ್ಲ ಅಜ್ಜಿ ಅವರು. ಮಗೂನ ಮಲಗಿಸಿ ಅಂದ್ರು" ಎಂದರು ನಗುತ್ತಲೇ.

"ಮಲಗಿಸಿದೇನು?"

"ಮಲಗಿಸ್ದೆ."

ಅಪ್ಪ ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಆಮೇಲೆ ಯಾರನ್ನೂ ಕೇಳದೆ ಹೋಗಿ ದೊಡ್ಡ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದ. ವ್ಯಾನ್ ತಂದಿದ್ದ ಡಿಪೋದ ಗೆಳೆಯ ಅಷ್ಟರಲ್ಲಿ ಬಂದಿದ್ದ. ಅವನನ್ನು ಅವ್ವ ಎಲೆಯ ಮುಂದೆ ಕೂರಿಸಿದಳು, ಹೊಟ್ಟೆತುಂಬ ಹೋಳಿಗೆ ಉಂಡು ಖಾಲಿ ವ್ಯಾನ್ ಓಡಿಸಿಕೊಂಡು ಹೋದ. ಅಪ್ಪ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದ, ಮುಖದಲ್ಲಿ ಬೆವರು, ಆದರೆ ಅವನು ಅಷ್ಟು ಹಗುರಾಗಿದ್ದದ್ದನ್ನು ನಾನು ಆ ತಿಂಗಳಲ್ಲೇ ನೋಡಿರಲಿಲ್ಲ. ನಡುಮೆಟ್ಟಿಲಲ್ಲಿ ಹಿಡಿ ಕಿತ್ತುಬಂತು. ಸೂಟ್‌ಕೇಸ್ ಬಾಯಿ ಬಿಟ್ಟುಕೊಂಡು ಉರುಳಿತು. ಅಪ್ಪ ಮೊದಲ ದಿನದಿಂದ ಕಲ್ಲು ಎಂದು ಬೈಯುತ್ತಿದ್ದದ್ದೆಲ್ಲ ಮೆಟ್ಟಿಲ ಮೇಲೆ ಹರಡಿಕೊಂಡಿತು: ಪುಸ್ತಕಗಳು. ಮೊನಚು ಟೋಪಿಯವು, ಪೊರಕೆ ಹಾರಿಸುವವು, ಹಸಿರು ಹೊಗೆಯವು, ನಾನು ಓದಿದವು, ಓದದವು, ಮೂಲೆ ಮಡಚಿ ಹೋದ ಹಳೆಯವು. ಹಿಲರಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನೀನು ಹೇಳಿದ್ದು ನೋಡಿದರೆ ಇವೆಲ್ಲ ಸುಳ್ಳಲ್ಲವಾ?" ಎಂದೆ.

"ಸುಳ್ಳೇ" ಎಂದಳು. "ಆದರೆ ಬಹಳ ಚೆನ್ನಾಗಿವೆ."

ಮಕ್ಕಳು ಮುಗಿಬಿದ್ದರು. ಪ್ರತಿ ಮೆಟ್ಟಿಲ ಮೇಲೂ ಒಬ್ಬೊಬ್ಬರು ಒಂದೊಂದು ಪುಸ್ತಕ ಹಿಡಿದು ಕೂತರು, ಅನನ್ಯಾ ಎಲ್ಲಕ್ಕಿಂತ ದಪ್ಪದ್ದನ್ನು ಹಿಡಿದು ಮೇಲಿನ ಮೆಟ್ಟಿಲಿಗೆ ಹೋದಳು. ಹೊರಗೆ ಚಂದ್ರ ಮೂಡುತ್ತಿದ್ದ. ಅಜ್ಜಿ ಚರಗದ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬಂದಳು. ಹಸಿರು ನಿಲುವಂಗಿಯ ಹಿಲರಿ ಅವಳ ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅಜ್ಜಿ ಬಗ್ಗಿ ಕಾಲ ಬಳಿ ಬಿದ್ದಿದ್ದ ಒಂದು ಪುಸ್ತಕ ಎತ್ತಿಕೊಂಡಳು. ಮುಖಪುಟದಲ್ಲಿ ಕೊಕ್ಕೆಮೂಗಿನ, ಕಪ್ಪು ಟೋಪಿಯ ಹೆಂಗಸೊಬ್ಬಳು ಚಂದ್ರನ ಎದುರು ಪೊರಕೆಯ ಮೇಲೆ ಹಾರುತ್ತಿದ್ದಳು.

"ಯಾರವಾ ಇಕಿ?"

"ಮಾಟಗಾತಿ, ಅಜ್ಜಿ."

ಅಜ್ಜಿ ಕನ್ನಡಕ ಏರಿಸಿ ಚಿತ್ರವನ್ನು ನೋಡಿದಳು, ಹಿಲರಿಯನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು.

"ಬರದಾಂವಗ ಬರಿಯಾಕ ಬಂದಿಲ್ಲ ಬಿಡು. ಒಂಚೂರೂ ನಮ್ಮ ಹಿಲರೀಗತೆ ಇಲ್ಲ" ಎಂದು ಪುಸ್ತಕವನ್ನು ನನ್ನ ಕೈಗೆ ಹಾಕಿ, ಮಗಳನ್ನು ಕರೆದುಕೊಂಡು ಹಿತ್ತಲಿಗೆ ಹೋದಳು.